ಕೋವಿ ಆಚಾರ್ರ ಎರಡನೇ ಅಳತೆ

ಹೆಸರು ಪುರಂದರ ಆಚಾರ್ಯ. ಆದರೆ ದುಬೈಯಲ್ಲಿ ಆ ಹೆಸರು ಹಿಡಿದು ಹುಡುಕಿದರೆ ನಿಮಗೆ ಸಿಗುವುದು ಬೇರೆ ಯಾರೋ. ಕೋವಿ ಆಚಾರ್ರು ಎಲ್ಲಿ ಅಂತ ಕೇಳಿ ನೋಡಿ, ಊದ್ ಮೇಥಾದಲ್ಲಿ ಯಕ್ಷಗಾನ ನೋಡಲು ಸೇರುವ ನಮ್ಮ ಕರಾವಳಿಯವರಿಂದ ಹಿಡಿದು ಮುಹೈಸ್ನಾ ಕ್ಯಾಂಪಿನ ಬಡಗಿಗಳವರೆಗೆ ಯಾರು ಬೇಕಾದರೂ ದಾರಿ ಹೇಳುತ್ತಾರೆ. ಕೋವಿ ಎಂದ ಕೂಡಲೇ ಹುಬ್ಬೇರಿಸುವುದು ಬೇಡ. ಮನುಷ್ಯ ಜನ್ಮದಲ್ಲಿ ಒಂದು ಕಾಗೆಗೂ ಈಡು ಹೊಡೆದವರಲ್ಲ. ದೇರಾದಲ್ಲಿ ಲೈಸೆನ್ಸ್ ಇರುವ ಬೇಟೆ ಸಾಮಾನಿನ ಅಂಗಡಿಯೊಂದು, ಅದರ ಹಿಂದುಗಡೆ ಸಣ್ಣ ವರ್ಕ್‌ಶಾಪು. ಅಲ್ಲಿ ಕೂತು ಬೇಟೆ ರೈಫಲುಗಳಿಗೆ ಮರ ಕೆತ್ತಿ ಕೂರಿಸುವುದು ಅವರ ಕೆಲಸ. ಹೆಗಲಿಗೆ ಆನಿಸಿಕೊಂಡು ಕೆನ್ನೆ ಒತ್ತಿ ಹಿಡಿಯುತ್ತಾರಲ್ಲ, ಆ ಮರ. ಕಬ್ಬಿಣದ ಕೆಲಸವೆಲ್ಲ ಜೊತೆಗಾರ ಹರ್ಬರ್ಟನದು.

ಈ ವಿದ್ಯೆ ಬಂದದ್ದು ಅಪ್ಪನಿಂದ. ಕಾರ್ಕಳದಾಚೆ ಬಜಗೋಳಿಯಲ್ಲಿ ಅಪ್ಪನ ಕೆಲಸದ ಕೊಟ್ಟಿಗೆ. ಬೆಳೆ ಕಾಯಲು ಲೈಸೆನ್ಸ್ ಪಡೆದವರ ಒಂಟಿ ನಳಿಗೆಯ ಕೋವಿಗಳೆಲ್ಲ ರಿಪೇರಿಗೆ ಅಲ್ಲಿಗೇ ಬರಬೇಕು. ಚುನಾವಣೆ ಬಂತೆಂದರೆ ಸುಗ್ಗಿ. ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಿ, ಮತ ಎಣಿಕೆ ಮುಗಿದ ಮೇಲೆ ಬಿಡಿಸಿಕೊಂಡು ಬರುವಾಗ ಒಂದರ ಮರ ಸೀಳಿರುತ್ತಿತ್ತು, ಇನ್ನೊಂದರ ಕುದುರೆ ಸಡಿಲವಾಗಿರುತ್ತಿತ್ತು. ಎಳೆದರೆ ಈಡು ಹಾರುವ ಆ ಕೊಕ್ಕೆಗೆ ನಮ್ಮ ಕಡೆ ಕುದುರೆ ಅಂತಲೇ ಹೆಸರು. ಊರವರೆಲ್ಲ ಬೇಟೆಗೆ ಹೋಗುವ ಕೆಡ್ಡಸದ ಹಬ್ಬಕ್ಕೆ ಮೊದಲು ಅಂಗಳದ ತುಂಬ ಜನ, ಹರಟೆ, ವೀಳ್ಯ. ಅಪ್ಪ ಯಾರಿಗೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಬಂದವನ ಬಲಗೈ ಮಡಿಸಿ, ಮೊಣಕೈಯ ಒಳಮಡಿಕೆಯಿಂದ ಕುದುರೆ ಎಳೆಯುವ ಬೆರಳಿನವರೆಗೆ ಬಿದಿರಿನ ಒಂದು ಕಡ್ಡಿ ಹಿಡಿದು ಚೂರಿಯಿಂದ ಗೆರೆ ಎಳೆಯುತ್ತಿದ್ದರು. ಆ ಕಡ್ಡಿ ಹಂಚಿನ ಮಾಡಿನ ಸಂದಿಯಲ್ಲಿ ಸಿಕ್ಕಿಸಿದರೆ ಮುಗಿಯಿತು. ಆ ಮನುಷ್ಯ ಇಪ್ಪತ್ತು ವರ್ಷ ಬಿಟ್ಟು ಬಂದರೂ ಅದೇ ಕಡ್ಡಿ ಇಳಿಸಿ ಕೆಲಸ ಸುರು.

ಅದು ಆ ಮನೆಯ ಪದ್ಧತಿ. ಬದುಕಿರುವ ಮನುಷ್ಯನ ಮೈಗೆ ಕಡ್ಡಿ ಹಿಡಿಯುವುದು ಒಂದೇ ಸಲ. ಎರಡನೇ ಸಲ ಅಳೆಯುವವರು ಚಟ್ಟ ಕಟ್ಟುವವರು ಅಂತ ಅಪ್ಪ ಹೇಳುತ್ತಿದ್ದರು, ಹೇಳಿ ನೆಲಕ್ಕೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅಷ್ಟು ಹೇಳಿದರೆ ಹುಡುಗರಿಗೆ ಸಾಕಲ್ಲ! ಪುರಂದರ ಆಚಾರ್ರು ಸಮುದ್ರ ದಾಟಿ ಬಂದರೂ ಆ ಮಾತನ್ನು ಮೀರಿದವರಲ್ಲ.

ಬಂದಾಗ ದೇರಾ ಈಗಿನ ದೇರಾ ಅಲ್ಲ. ಒಂದು ರೂಮಿನಲ್ಲಿ ಅಟ್ಟಣಿಗೆ ಮಂಚಗಳ ಮೇಲೆ ಮಲಗಿ, ಶುಕ್ರವಾರ ಕ್ರೀಕಿನ ದಡದಲ್ಲಿ ಕೂತು, ಊರಿಗೆ ಹೊರಟವರ ಕೈಯಲ್ಲಿ ಕ್ಯಾಸೆಟ್ ಕಳಿಸುತ್ತಿದ್ದ ಕಾಲ. ಕಾಗದದಲ್ಲಿ ಬರೆಯಲಾಗದ್ದನ್ನೆಲ್ಲ ಕ್ಯಾಸೆಟ್ಟಿಗೆ ಹೇಳುವುದು. ಅತ್ತಲಿಂದ ಹೆಂಡತಿ ಅಕ್ಕು ಉತ್ತರ ಹೇಳಿ ಕಳಿಸುತ್ತಿದ್ದಳು, ಹಿನ್ನೆಲೆಯಲ್ಲಿ ಅಪ್ಪನ ಕೆಮ್ಮು, ಉಳಿಯ ಟಕಟಕ. ಆ ಟಕಟಕ ಕೇಳಿಸುವ ಜಾಗಕ್ಕೆ ತಿರುಗಿಸಿ ತಿರುಗಿಸಿ ಟೇಪು ಹರಿದೇ ಹೋಗಿತ್ತು. ಈಗ ಫೋನಿನಲ್ಲಿ ಮುಖ ನೋಡಿ ಮಾತಾಡಬಹುದು, ಯಾರು ಬೇಡ ಅಂದರು? ಆದರೆ ಆ ಟಕಟಕ ಯಾವ ಫೋನಿನಲ್ಲೂ ಬರುವುದಿಲ್ಲ ಅಂತ ಆಚಾರ್ರು ಇವತ್ತಿಗೂ ಗೊಣಗುತ್ತಾರೆ.

ಆ ದಿನಗಳಲ್ಲೇ ಅಂಗಡಿಗೆ ಬಂದವರು ಬೂ ರಾಶಿದ್. ರಾಶಿದನ ಅಪ್ಪ ಎಂಬರ್ಥದ ಈ ಹೆಸರಿನಿಂದಲೇ ಎಲ್ಲರೂ ಅವರನ್ನು ಕರೆಯುವುದು. ಬಾಗಿಲು ತುಂಬುವಂಥ ಆಳು. ಕಪ್ಪು ಗಡ್ಡ, ದೊಡ್ಡ ನಗು. ಕಿರ್ಗಿಸ್ತಾನದ ಬೆಟ್ಟಗಳಲ್ಲಿ ಬಾಗಿದ ಕೋಡಿನ ಕಾಡುಮೇಕೆ ಬೇಟೆಗೆ ಪರ್ಮಿಟ್ ಸಿಕ್ಕಿದೆ, ತನ್ನ ಮೈಗೆ ಹೊಂದುವ ರೈಫಲು ಬೇಕು ಅಂದರು. ಆಚಾರ್ರು ಕಡ್ಡಿ ಹಿಡಿದು ಗೆರೆ ಎಳೆದಾಗ ಅಷ್ಟು ಉದ್ದದ ಕೈಯನ್ನು ಊರಲ್ಲೂ ಕಂಡಿರಲಿಲ್ಲ. ತೋಟೆ ಯಾವುದು ಅಂತ ಕೇಳಿದ್ದಕ್ಕೆ, "ಅತಿ ದೊಡ್ಡದು ಯಾವುದುಂಟೋ ಅದು, ಯಲ್ಲಾ!" ಅಂದಿದ್ದರು. ಹಾಗೆ ಆಯ್ಕೆಯಾದದ್ದು ಮುನ್ನೂರು. ಅಂಗಡಿಯವರ ಬಾಯಲ್ಲಿ ಅದು ಬರೀ ಮುನ್ನೂರು. ಮದ್ದು ಜಾಸ್ತಿ ತುಂಬಿದ ಮ್ಯಾಗ್ನಮ್ ತೋಟೆ. ಗುಂಡು ದೂರ ಹೋಗುತ್ತದೆ, ನೇರ ಹೋಗುತ್ತದೆ, ಹೆಗಲಿಗೆ ಹೋರಿಯ ಹಾಗೆ ಒದೆಯುತ್ತದೆ. ಬೂ ರಾಶಿದ್ ಆ ಒದೆತವನ್ನು ನಗುತ್ತಾ ತಿಂದರು. ಕಣಿವೆಯ ಈ ದಡದಿಂದ ಆ ದಡಕ್ಕೆ ಹೊಡೆದು ಮೇಕೆ ಉರುಳಿಸಿ, ಬಂದವರೇ ಮೊದಲು ಅಂಗಡಿಗೆ ಬಂದು ಆಚಾರ್ರನ್ನು ಎತ್ತಿ ತಿರುಗಿಸಿದ್ದರು. ಉಸ್ತಾದ್ ಅಂತ ಕರೆಯಲು ಸುರು ಮಾಡಿದ್ದು ಅವತ್ತಿನಿಂದ. ಅರ್ಧ ಹಿಂದಿ, ಅರ್ಧ ಅರಬಿ, ಉಳಿದದ್ದು ಕೈಸನ್ನೆ. ಇಬ್ಬರ ಸ್ನೇಹ ಇಷ್ಟರಲ್ಲೇ ನಡೆದುಕೊಂಡು ಬಂತು.

ಇನ್ನು ಈಗಿನ ಮಾತು. ಆಚಾರ್ರಿಗೆ ವಯಸ್ಸಾಯಿತು. ವೀಸಾ ಕ್ಯಾನ್ಸಲ್ ಮಾಡಿಸಿ ಅಪ್ಪ ಹೋದ ಮೇಲೆ ದುಬೈಗೆ ಬಂದಿದ್ದ ಅಕ್ಕುವಿನ ಜೊತೆ ಊರಿಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ಬೂ ರಾಶಿದ್ ಬಂದರು. ಗಡ್ಡ ಬಿಳಿಯಾಗಿತ್ತು, ಬಲ ಹೆಗಲಿಗೆ ಆಪರೇಷನ್ ಆಗಿತ್ತು. ಹಳೇ ರೈಫಲನ್ನು ಎಂದೋ ತಮ್ಮನಿಗೆ ಕೊಟ್ಟಾಗಿತ್ತು.

"ಉಸ್ತಾದ್, ಮತ್ತೊಂದು ಸಲ ಆ ಬೆಟ್ಟಕ್ಕೆ ಹೋಗಬೇಕು. ನಿನ್ನ ಕೈಯ ಕೊನೇ ರೈಫಲು ನನ್ನದೇ ಆಗಬೇಕು."

"ಆಗಲಿ. ಮನೆಯಲ್ಲಿ ಒಪ್ಪಿದ್ದಾರಾ?"

ಬೂ ರಾಶಿದರ ಮುಖ ಸಣ್ಣದಾಯಿತು. ಮಗ ರಾಶಿದ್ ಒಂದು ಷರತ್ತು ಹಾಕಿದ್ದ. ಶೂಟಿಂಗ್ ರೇಂಜಿನಲ್ಲಿ ತನ್ನ ಕಣ್ಣೆದುರು ನಾನೂರು ಮೀಟರಿಗೆ ಗುರಿ ಇಟ್ಟು ಸರಿಯಾಗಿ ಹೊಡೆದು ತೋರಿಸಬೇಕು, ಹೆಗಲಿಗೆ ನೋವಾಗಬಾರದು. ಇಲ್ಲವೆಂದರೆ ಬೆಟ್ಟವೂ ಇಲ್ಲ, ಬೇಟೆಯೂ ಇಲ್ಲ. "ಇದು ತಪ್ಪಿದರೆ ನಾನು ಮುಂದೆ ಸೋಫಾದಲ್ಲಿ ಕೂತ ಮುದುಕ, ಉಸ್ತಾದ್," ಅಂದರು. ನಗಲಿಲ್ಲ.

ಹೊಸ ರೈಫಲು ಕಟ್ಟಿಸುವಾಗ ಮೊದಲು ನಿಶ್ಚಯವಾಗಬೇಕಾದ್ದು ತೋಟೆ. ನಳಿಗೆ, ತೂಕ, ಮರ ಎಲ್ಲ ಅದರ ಬೆನ್ನ ಹಿಂದೆ ಬರುವಂಥವು. ಹರ್ಬರ್ಟ್ ಮಂಗಳೂರಿನ ಹುಡುಗ, ಕೆಲಸದಲ್ಲಿ ಗಟ್ಟಿ. ಅವನು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ.

"ಆಚಾರ್ರೆ, ಸಿಟ್ಟು ಮಾಡ್ಬೇಡಿ. ಅವರಿಗೆ ಮುನ್ನೂರು ಬೇಡ ಮಾರಾಯ್ರೆ. ಆರೂವರೆ ಮಿಲಿಮೀಟರಿನ ತೋಟೆ ಸಾಕು. ಗುಂಡು ಸಪೂರ, ಉದ್ದ, ಗಾಳಿಗೆ ಅಷ್ಟು ಓಡುದಿಲ್ಲ. ನಾನೂರು ಮೀಟರಿಗೆ ಮೇಕೆಗೆ ಧಾರಾಳ ಆಯ್ತು. ಒದೆಯುದು ಎಷ್ಟೋ ಕಮ್ಮಿ."

"ಹೆಂಗಸರು ಮಕ್ಕಳು ಹೊಡೆಯುವ ತೋಟೆ ಅದು. ಬೂ ರಾಶಿದರಿಗೆ ಅದನ್ನು ಕೊಟ್ಟರೆ ಮುಖಕ್ಕೆ ಉಗಿದ ಹಾಗೆ. ಅವರದ್ದು ಮುನ್ನೂರು. ಮೊದಲಿಂದ ಮುನ್ನೂರೇ."

"ಹೆಗಲಿಗೆ ಆಪರೇಷನ್ ಆದದ್ದು..."

"ನಿನಗೆ ಅವರ ಹೆಗಲು ಗೊತ್ತುಂಟಾ? ನಿನಗೆ ಇನ್ನೂ ಬ್ಯಾಪ್ಟಿಸಮ್ ಆಗದ ಕಾಲದಲ್ಲಿ ನಾನು ಅದನ್ನು ಕಂಡವ!"

ಹರ್ಬರ್ಟ್ ಲ್ಯಾಪ್‌ಟಾಪ್ ಮುಚ್ಚಿದ. ಬೂ ರಾಶಿದರನ್ನು ಕೇಳಿದರೆ ಅವರೂ ಎದೆಯುಬ್ಬಿಸಿ ಮುನ್ನೂರೇ ಅಂದರು. ಇಬ್ಬರು ಮುದುಕರು ಹಳೇ ಬೇಟೆಯ ಕತೆ ತೆಗೆದು ಕೂತರೆ ಎದುರಿಗಿರುವವನು ಏನು ಮಾಡಿಯಾನು, ಚಹಾ ತರಿಸಬಹುದು ಅಷ್ಟೆ. ಆಚಾರ್ರು ಕಪಾಟಿನ ಮೇಲಿಂದ ಬಿದಿರಿನ ಕಡ್ಡಿ ಇಳಿಸಿ ಧೂಳು ಒರೆಸಿದರು. ಗೆರೆ ಹಾಗೆಯೇ ಇತ್ತು.  ಎದುರಿಗೆ ಕುರ್ಚಿಯಲ್ಲಿ ಆ ಮನುಷ್ಯನೇ ಕೂತಿದ್ದಾರೆ, ಕೈ ಚಾಚಿದರೆ ಸಿಗುತ್ತಾರೆ. ಆದರೂ ಆಚಾರ್ರು ಅಳೆದದ್ದು ಕಡ್ಡಿಯನ್ನು.

ಟರ್ಕಿಯ ಅಕ್ರೋಟು ಮರ. ಹಾಗೆ ಕೆತ್ತುವ ಕೈ ಇನ್ನು ಹುಟ್ಟಬೇಕು ಅಂತ ಹರ್ಬರ್ಟನೂ ಒಪ್ಪಿದ. ಬೆರಳು ಜಾರುವ ಕಡೆ ಜಾರಬೇಕು, ಕೆನ್ನೆ ನಿಲ್ಲುವ ಕಡೆ ನಿಲ್ಲಬೇಕು. ಎಣ್ಣೆ ಉಜ್ಜಿ ಒಣಗಿಸಿ, ಮತ್ತೆ ಉಜ್ಜಿ, ಮರದ ಒಳಗಿನ ನಾರು ಜೇನಿನ ಬಣ್ಣಕ್ಕೆ ತಿರುಗುವವರೆಗೂ ಬಿಡಲಿಲ್ಲ. ಕೆಲಸ ಮುಗಿದ ದಿನ ಗಿರಾಕಿಗಳಿಗೆ ಕಾಣದ ಹಾಗೆ ಒಂದು ಚಿಟಿಕೆ ಕುಂಕುಮ ಹಚ್ಚಿ, ಕೂಡಲೇ ಒರೆಸಿದರು. ಇದು ಪ್ರತಿ ರೈಫಲಿಗೂ ನಡೆಯುವ ಗುಟ್ಟಿನ ಪೂಜೆ.

ಮಗನಿಗೆ ತೋರಿಸುವ ಮೊದಲು ಒಮ್ಮೆ ನಾವೇ ನೋಡೋಣ ಅಂತ ಮೂವರು ಅಬುಧಾಬಿ ಕಡೆಯ ಮರುಭೂಮಿಯಲ್ಲಿದ್ದ ರೇಂಜಿಗೆ ಹೋದರು. ಬೂ ರಾಶಿದ್ ರೈಫಲು ಎತ್ತಿಕೊಂಡು ಮರಕ್ಕೆ ಮುತ್ತು ಕೊಟ್ಟರು. ಬೆಂಚಿನ ಎದುರು ಕೂತು ಹೆಗಲಿಗೆ ಆನಿಸಿದರು. ಆಚಾರ್ರಿಗೆ ಅಲ್ಲೇ ಏನೋ ಕಸಿವಿಸಿಯಾಯಿತು. ಮರದ ಹಿಂಬದಿ ಹೆಗಲಿನ ಗುಂಡಿಯಲ್ಲಿ ಕೂರದೆ ತೋಳಿನ ಕಡೆ ಜಾರಿತ್ತು. ರೈಫಲಿನ ಮೇಲೆ ಕೂರಿಸಿದ ದುರ್ಬೀನಿಗೆ ಕಣ್ಣು ತಾಗಿಸಲು ಕುತ್ತಿಗೆ ಮುಂದೆ ಚಾಚಬೇಕಾಗಿತ್ತು. ತಡೀರಿ ಅನ್ನಬೇಕು ಅಂದುಕೊಳ್ಳುವಷ್ಟರಲ್ಲಿ ಈಡು ಹಾರಿತು.

ಗುಂಡು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ದುರ್ಬೀನಿನ ಅಂಚು ಹಿಂದಕ್ಕೆ ಬಂದು ಹುಬ್ಬಿಗೆ ಬಡಿದು ರಕ್ತ ಕೆನ್ನೆಗೆ ಇಳಿಯಿತು. ಬೂ ರಾಶಿದ್ ಕೂಗಲಿಲ್ಲ. ಎಡಗೈಯಿಂದ ಬಲ ಹೆಗಲನ್ನು ಹಿಡಿದುಕೊಂಡು ಬಗ್ಗಿದರು. ಹರ್ಬರ್ಟ್ ಓಡಿಹೋಗಿ ಫಸ್ಟ್ ಏಡ್ ಡಬ್ಬಿ ತಂದ. ಆಚಾರ್ರು ತಮ್ಮ ಕರ್ಚೀಫು ತೆಗೆದು ಚಾಚಿದರು.

"ಬೂ ರಾಶಿದ್..."

"ಖಲಾಸ್, ಉಸ್ತಾದ್." ಅವರು ರೈಫಲನ್ನು ಬೆಂಚಿನ ಮೇಲೆ ಮೆಲ್ಲಗೆ ಮಲಗಿಸಿದರು. "ಒಳ್ಳೇ ರೈಫಲು. ಯಾರಾದರೂ ಹುಡುಗನಿಗೆ ಮಾರಿಬಿಡು."

ಅಷ್ಟೇ ಮಾತು. ಡ್ರೈವರ್ ಬಂದು ಅವರನ್ನು ಕರೆದುಕೊಂಡು ಹೋದ. ವಾಪಸು ಬರುವ ದಾರಿಯುದ್ದಕ್ಕೂ ಹರ್ಬರ್ಟ್ ನಾನು ಮೊದಲೇ ಹೇಳಿದ್ದೆ ಅಂತ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು ಅಂತ ಆಚಾರ್ರಿಗೆ ಅನಿಸಿತು.

ಡಿಸ್ಕವರಿ ಗಾರ್ಡನ್ಸಿನಲ್ಲಿ ಮಗಳು ಯಶ್ಮಿತಾಳ ಫ್ಲ್ಯಾಟು. ಆಚಾರ್ರು, ಅಕ್ಕು ಇರುವುದು ಅಲ್ಲೇ. ಬಾಗಿಲು ತೆರೆದ ಅಕ್ಕು ಮುಖ ನೋಡಿದ ಕೂಡಲೇ ಒಳಗೆ ಹೋಗಿ ಗಂಜಿ ಬಿಸಿ ಮಾಡಿದಳು. ಉಣ್ಣದೆ ಕೂತವರನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ.

"ಎಂತ ಆದದ್ದು ಹೇಳ್ತೀರಾ, ಇಲ್ಲ ಗಂಜಿಗೇ ಹೇಳ್ತೀರಾ?"

ಹೇಳಿದರು. ಉದ್ದಕ್ಕೂ ಹೇಳಿದರು. ಅಕ್ಕು ಕೊನೆಗೆ ಕೇಳಿದ್ದು ಒಂದೇ ಮಾತು.

"ಅವರ ಕೈ ಅಳೆದ್ರಾ ನೀವು?"

"ಒಮ್ಮೆ ಅಳೆದಿದ್ದೇನಲ್ಲ. ಮತ್ತೆ ಅಳೆಯಲಿಕ್ಕೆ ಆಗ್ತದಾ? ಅಪ್ಪ ಹೇಳಿದ್ದು ನಿನಗೂ ಗೊತ್ತುಂಟು."

 ಅಕ್ಕು ಸೆರಗಿನಲ್ಲಿ ಕೈ ಒರೆಸಿಕೊಂಡು ಎದುರಿಗೆ ಕೂತಳು.

"ಮಾವನ ಊರುಗೋಲು ಯಾರು ಮಾಡಿದ್ದು ಅಂತ ನೀವು ಯಾವತ್ತಾದ್ರೂ ಕೇಳಿದ್ದೀರಾ?"

"ಅಪ್ಪನೇ ಮಾಡಿಕೊಂಡದ್ದು."

"ಮಾಡಿದ್ದು ಅವರೇ. ಮತ್ತೆ ಬೆನ್ನು ಬಗ್ಗಿತಲ್ಲ, ಕೋಲು ಉದ್ದ ಆಯ್ತು. ಅಂಗಳದಲ್ಲಿ ಎರಡು ಸಲ ಬಿದ್ರು. ಆಗ ಕರೆದು, ಅಕ್ಕು, ನನ್ನ ಅಳತೆ ತೆಗಿ ಅಂದ್ರು. ನಾನು ಹೆದರಿ ಕೈ ಕಟ್ಟಿ ನಿಂತೆ. ಎರಡನೇ ಸಲ ಅಳೆಯಬಾರದಲ್ಲ ಮಾವ ಅಂದೆ. ಬಿದ್ದು ಸೊಂಟ ಮುರಿಯುದಕ್ಕಿಂತ ಅದು ಒಳ್ಳೇದು, ತೆಗಿ ಮಗಾ ಅಂತ ನಗಾಡಿದ್ರು. ನಾನೇ ಕತ್ತರಿಸಿದ್ದು. ಮುಂದಿನ ವರ್ಷ ಮತ್ತೆ ಕತ್ತರಿಸಿದೆ. ಅದಾದ ಮೇಲೂ ಅವರು ಮೂರು ವಿಷು ಕಂಡ್ರು."

"ನನಗೆ ಯಾಕೆ ಹೇಳಲಿಲ್ಲ?"

"ಕ್ಯಾಸೆಟ್ಟಲ್ಲಿ ಅದೆಲ್ಲ ಹೇಳ್ಬೇಡ, ಅವ ಅಲ್ಲಿ ಒಬ್ನೇ ಕೂತು ಅಳ್ತಾನೆ ಅಂದ್ರು."

ಆಚಾರ್ರು ಗಂಜಿಯ ಬಟ್ಟಲನ್ನೇ ನೋಡಿದರು. ಇಷ್ಟು ವರ್ಷ ಅವರ ತಲೆಯಲ್ಲಿ ಅಪ್ಪ ನೆಟ್ಟಗೆ ನಿಂತ ಅಪ್ಪನೇ. ಬಗ್ಗಿದ ಅಪ್ಪನನ್ನು ಅವರು ಕಂಡೇ ಇಲ್ಲ. ಊರಿಗೆ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ. ಅಕ್ಕು ಬಟ್ಟಲು ಎತ್ತಿಕೊಂಡು ಹೋಗಿ ಮತ್ತೊಮ್ಮೆ ಬಿಸಿ ಮಾಡಿ ತಂದಳು.

ಮರುದಿನ ಸಂಜೆ ಆಚಾರ್ರು ಕಡ್ಡಿ ಹಿಡಿದುಕೊಂಡು ಬೂ ರಾಶಿದರ ಮನೆಗೆ ಹೋದರು. ಹೊರಕೋಣೆಯ ಮಜ್ಲಿಸಿನಲ್ಲಿ ಹುಬ್ಬಿಗೆ ಪಟ್ಟಿ ಹಾಕಿಕೊಂಡು ಬೂ ರಾಶಿದ್ ಒಬ್ಬರೇ ಕೂತಿದ್ದರು. ಕಹ್ವಾ ಕಾಫಿ ಬಂತು, ಖರ್ಜೂರ ಬಂತು. ಮಗನಿಗೆ ಏನು ಹೇಳಿದಿರಿ ಅಂತ ಕೇಳಿದರೆ, ಕಾರಿನ ಬಾಗಿಲು ತಾಗಿತು ಅಂತ ಹೇಳಿದ್ದೇನೆ ಅಂದರು.

"ತಪ್ಪು ನಿಮ್ಮದಲ್ಲ, ನನ್ನದು," ಅಂದರು ಆಚಾರ್ರು. "ನಾನು ಮರ ಕೆತ್ತಿದ್ದು ನಿಮಗಲ್ಲ. ಆಗ ಬಾಗಿಲಲ್ಲಿ ಬಂದು ನಿಂತಿದ್ದರಲ್ಲ, ಕಪ್ಪು ಗಡ್ಡದವರು, ಅವರಿಗೆ. ತೋಟೆ ಆರಿಸಿದ್ದೂ ಅವರಿಗೇ."

ಬೂ ರಾಶಿದ್ ಕಹ್ವಾದ ಲೋಟ ಕೆಳಗಿಟ್ಟರು. "ನಾನೂ ಅವನಿಗೇ ಆರಿಸಿದ್ದು, ಉಸ್ತಾದ್."

"ಮತ್ತೆ ಅಳೆಯಬೇಕು. ಆದರೆ ನನಗೆ ಹೆದರಿಕೆ." ಆಚಾರ್ರು ಅಪ್ಪನ ಮಾತನ್ನು, ಚಟ್ಟದ ವಿಷಯವನ್ನು, ತಮಗೆ ಬರುವ ಅಷ್ಟಿಷ್ಟು ಹಿಂದಿಯಲ್ಲಿ ತಡವರಿಸಿ ಹೇಳಿದರು. 

ಬೂ ರಾಶಿದ್ ಎಷ್ಟು ಜೋರಾಗಿ ನಕ್ಕರೆಂದರೆ ಒಳಗಿನಿಂದ ಯಾರೋ ಇಣುಕಿ ಹೋದರು. "ಇದಕ್ಕಾ? ಅದಕ್ಕಾ ನೀನು ನನ್ನ ಕೈ ಮುಟ್ಟದೆ ಕಡ್ಡಿ ಹಿಡಿದು ಕೂತದ್ದು? ನಮ್ಮಲ್ಲಿ ಸತ್ತವನಿಗೆ ಒಂದು ಬಿಳಿ ಬಟ್ಟೆ, ಸ್ವಲ್ಪ ಮಣ್ಣು. ಅದಕ್ಕೆ ನಿನ್ನ ಕಡ್ಡಿ ಏನೂ ಬೇಡ. ಹೆದರಬೇಡ. ಅಳೆ." ತೋಳು ಮೇಲಕ್ಕೆ ಸರಿಸಿ ಕೈ ಮಡಿಸಿ ಚಾಚಿದರು.

ಆಚಾರ್ರು ಮನಸ್ಸಿನಲ್ಲೇ ಅಪ್ಪನಿಗೆ ಕೈ ಮುಗಿದು ಕಡ್ಡಿ ಹಿಡಿದರು. ಕುದುರೆ ಎಳೆಯುವ ಬೆರಳು ಸಂಧಿವಾತಕ್ಕೆ ಬಾಗಿತ್ತು, ನೆಟ್ಟಗಾಗಲಿಲ್ಲ. ಗೆರೆ ಮೊದಲಿನದಕ್ಕಿಂತ ಒಂದು ಬೆರಳಿನಗಲ ಒಳಗೆ ಬಿತ್ತು. ಹೆಗಲಿಗೆ ಅಂಗೈ ಒತ್ತಿ ನೋಡಿದರು. ಎಲ್ಲಿ ಒತ್ತಿದರೆ ಮುಖ ಕಿವುಚುತ್ತದೆ, ಎಲ್ಲಿ ತಡೆದುಕೊಳ್ಳುತ್ತಾರೆ ಎಲ್ಲ ನೋಡಿಕೊಂಡರು.

"ಆರೂವರೆ ಹಾಕೋಣ," ಅಂದರು ಆಚಾರ್ರು, ನೆಲ ನೋಡುತ್ತಾ. "ಹರ್ಬರ್ಟ್ ಮೊದಲೇ ಹೇಳಿದ್ದ."

"ಸಣ್ಣ ತೋಟೆ."

"ಹೌದು. ಮೇಕೆಗೆ ಸಾಕು. ನಿಮಗೆ ಸಾಕಾಗುತ್ತದಾ, ಅದನ್ನು ನೀವು ಹೇಳಬೇಕು."

ಬೂ ರಾಶಿದ್ ತುಂಬ ಹೊತ್ತು ತಮ್ಮ ಬಾಗಿದ ಬೆರಳನ್ನು ನೋಡಿದರು. "ಬೆಟ್ಟ ನೋಡಬೇಕು ಉಸ್ತಾದ್. ಆರೂವರೆಯಿಂದಲೂ ಬೆಟ್ಟ ಅಷ್ಟೇ ಎತ್ತರ ಕಾಣುತ್ತದಲ್ಲ? ಹಾಕು."

ಹರ್ಬರ್ಟ್ ಹೊಸ ನಳಿಗೆ ಕೂರಿಸಿದ. ಉಳಿದದ್ದೆಲ್ಲ ಹಳೆಯದೇ ನಡೆಯಿತು. ಆಚಾರ್ರು ತಾವೇ ಎಣ್ಣೆ ಉಜ್ಜಿ ಜೇನಿನ ಬಣ್ಣಕ್ಕೆ ತಂದ ಮರವನ್ನು ಬಿಗಿದು ಹಿಡಿಯುವ ವೈಸಿಗೆ ಸಿಕ್ಕಿಸಿ, ಹಿಂಬದಿಯಿಂದ ಒಂದು ಬೆರಳಿನಗಲ ಕೊಯ್ದು ತೆಗೆದರು.  ಕೊಯ್ದ ತುಂಡನ್ನು ಬಿಸಾಡಲು ಮನಸ್ಸಾಗದೆ ಕಿಸೆಗೆ ಹಾಕಿಕೊಂಡರು. ಒದೆತ ತಡೆಯಲು ಹಿಂದೆ ಮೆತ್ತಗಿನ ರಬ್ಬರ್ ಪ್ಯಾಡು. ಅದರ ದಪ್ಪವನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಕೊಯ್ದಿದ್ದರು. ಮತ್ತೊಮ್ಮೆ ಕುಂಕುಮ ಹಚ್ಚುವಾಗ ಹರ್ಬರ್ಟ್ ನೋಡಿಯೂ ನೋಡದವನ ಹಾಗೆ ಆಚೆ ತಿರುಗಿ ಶಿಲುಬೆ ಗುರುತು ಮಾಡಿಕೊಂಡ.

ಮಗ ರಾಶಿದ್ ಬಂದ ದಿನ ರೇಂಜಿನಲ್ಲಿ ಗಾಳಿ ಇತ್ತು. ಅಪ್ಪನ ಹುಬ್ಬಿನ ಗಾಯವನ್ನು ಅವನು ನೋಡಿದ, ಕಾರಿನ ಬಾಗಿಲಿನ ಕತೆಯನ್ನು ನಂಬಿದ ಹಾಗೆ ಕಾಣಲಿಲ್ಲ. ತೋಳು ಕಟ್ಟಿಕೊಂಡು ಹಿಂದೆ ನಿಂತ. ಬೂ ರಾಶಿದ್ ರೈಫಲು ಹೆಗಲಿಗೆ ತಂದರು. ಈ ಸಲ ಅದು ತಾನಾಗಿ ಹೋಗಿ ಗುಂಡಿಯಲ್ಲಿ ಕೂತಿತು, ಕುತ್ತಿಗೆ ಚಾಚಲಿಲ್ಲ, ಕೆನ್ನೆ ಮರದ ಮೇಲೆ ಮಲಗಿತು.  ಈಡು ಹಾರಿತು. ನಾನೂರು ಮೀಟರ್ ಆಚೆ ತೂಗುಹಾಕಿದ್ದ ಕಬ್ಬಿಣದ ತಟ್ಟೆಯಿಂದ ಟಣ್ ಅಂತ ಸದ್ದು ತೇಲಿ ಬಂತು.

ಮತ್ತೊಂದು. ಟಣ್. ಮತ್ತೊಂದು.

ಮಗ ಕಟ್ಟಿದ್ದ ತೋಳು ಬಿಚ್ಚಿದ. ಬಂದು ಅಪ್ಪನ ಬಲ ಹೆಗಲನ್ನು ಮೆಲ್ಲಗೆ ಒತ್ತಿ ನೋಡಿದ. ಬೂ ರಾಶಿದ್ ಮುಖ ಕಿವುಚಲಿಲ್ಲ. "ದಪ್ಪ ಕೋಟು ತಗೊಂಡು ಹೋಗಿ, ಬಾಬಾ. ಅಲ್ಲಿ ಚಳಿ ಜಾಸ್ತಿ," ಅಂದ ಮಗ. ಒಪ್ಪಿಗೆ ಅಂದರೆ ಅಷ್ಟೇ. ಆಚಾರ್ರು ಹಿಂದೆ ತಿರುಗಿ ಮರಳು ನೋಡುತ್ತಾ ನಿಂತುಬಿಟ್ಟರು. ಹರ್ಬರ್ಟ್ ಬಂದು ನೀರಿನ ಬಾಟಲಿ ಕೊಟ್ಟ.

ಹೊರಡುವ ಹೊತ್ತಿಗೆ ಬೂ ರಾಶಿದ್ ಕೇಳಿದರು. "ಕಡ್ಡಿ ಎಲ್ಲಿ?"

ಆಚಾರ್ರು ಚೀಲದಿಂದ ತೆಗೆದುಕೊಟ್ಟರು. ಅಲ್ಲಿ ಎರಡು ಗೆರೆ. ಬೂ ರಾಶಿದ್ ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದರು.

"ಇಷ್ಟು ಜನರ ಕೈ ಅಳೆದೆಯಲ್ಲ. ನಿನ್ನ ಕೈಯನ್ನು ಯಾರು ಅಳೆದಿದ್ದಾರೆ?"

ಆಚಾರ್ರು ಯೋಚಿಸಿದರು. ಅಪ್ಪ ಅಳೆಯಲಿಲ್ಲ, ಯಾಕೆಂದರೆ ಮಗನಿಗೆ ಕೋವಿ ಬೇಕಾಗಿರಲಿಲ್ಲ. ಇಲ್ಲಿ ಅಳೆಯುವವರು ಯಾರಿದ್ದರು? "ಯಾರೂ ಇಲ್ಲ," ಅಂದರು.

"ಕೈ ಮಡಿಸು."

"ನನಗೆ ಯಾಕೆ? ನಾನು ಊರಿಗೆ ಹೋಗುವವನು. ಕೋವಿ ಮಾಫಿ, ಲೈಸೆನ್ಸ್ ಮಾಫಿ, ಎರಡೂ ಇಲ್ಲ."

"ಮಡಿಸು ಅಂದೆ. ಇದು ನಿನಗೆ ಮೊದಲನೇ ಅಳತೆ. ಹೆದರಬೇಡ."

ಬೂ ರಾಶಿದ್ ಬಾಗಿದ ಬೆರಳಿನಲ್ಲಿ ಕಡ್ಡಿ ಹಿಡಿದು, ಆಚಾರ್ರ ಮೊಣಕೈಯ ಮಡಿಕೆಯಿಂದ ಬೆರಳಿನವರೆಗೆ ಅಳೆದು, ಹರ್ಬರ್ಟನ ಚೂರಿ ಇಸಿದುಕೊಂಡು ಸೊಟ್ಟಗೆ ಒಂದು ಗೆರೆ ಎಳೆದರು. ಆಮೇಲೆ ಕಡ್ಡಿಯನ್ನು ವಾಪಸು ಕೊಡದೆ ತಮ್ಮ ಉದ್ದ ನಿಲುವಂಗಿ ಕಂದೂರದ ಕಿಸೆಗೆ ಇಳಿಸಿದರು.

"ನನ್ನ ಅಳತೆ ಇಷ್ಟು ವರ್ಷ ನಿನ್ನ ಹತ್ತಿರ ಇತ್ತು, ಉಸ್ತಾದ್. ಇನ್ನು ನಿನ್ನದು ನನ್ನ ಹತ್ತಿರ ಇರಲಿ."

ಆಚಾರ್ರು ಕಿಸೆಗೆ ಕೈ ಹಾಕಿದರು. ಕೊಯ್ದ ಮರದ ತುಂಡು ಕೈಗೆ ತಾಗಿತು. ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಊರಿಗೆ ಹೋಗುವ ದಿನ ಅಕ್ಕು ಪೆಟ್ಟಿಗೆ ಕಟ್ಟುತ್ತಾ ಕೇಳಿದಳು, ಇದೆಂತ ಕಟ್ಟಿಗೆ ತುಂಡು, ಬಿಸಾಡಲಾ?

"ಬೇಡ," ಅಂದರು ಆಚಾರ್ರು. "ಅದು ಕಪ್ಪು ಗಡ್ಡದ ಬೂ ರಾಶಿದ್."